ಕೊರೆಯುವ ಚಳಿಯಲ್ಲಿ ಮನೆಯ ನೀರಿನ ಪೈಪುಗಳನ್ನು ಕಾಪಾಡಿಕೊಳ್ಳುವುದು: ಅಮೆರಿಕದಲ್ಲಿರುವ ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಅಮ್ಮ ಹಾಸನದಿಂದ ಮಿನ್ನೆಸೋಟದ ನಮ್ಮ ಮನೆಗೆ ಬಂದಿದ್ದ ಮೊದಲ ಜನವರಿಯ ಒಂದು ರಾತ್ರಿ ಹೊರಗೆ ಮೈನಸ್ 20 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು ಮೈನಸ್ 29 ಡಿಗ್ರಿ ಸೆಲ್ಸಿಯಸ್ ಚಳಿಯಿತ್ತು. ನಮ್ಮ ಅಡುಗೆಮನೆಯ ಸಿಂಕ್ ಹೊರಗೋಡೆಗೆ ಒತ್ತಿಕೊಂಡಿರುವುದರಿಂದ ಅದರ ನಲ್ಲಿಯಲ್ಲಿ ಎಳೆಯಷ್ಟು ನೀರು ಬೀಳುವಂತೆ ಬಿಟ್ಟು ನಾನು ಮಲಗಿದ್ದೆ. ಬೆಳಿಗ್ಗೆ ಕಾಫಿಗೆಂದು ನಲ್ಲಿ ತಿರುಗಿಸಿದರೆ ಒಂದು ಹನಿಯೂ ಬರಲಿಲ್ಲ. "ರಾತ್ರಿ ನಲ್ಲಿ ಸೋರ್ತಾ ಇತ್ತು ಕಣೋ, ನಾನೇ ಎದ್ದು ಬಿಗಿಯಾಗಿ ನಿಲ್ಲಿಸಿ ಬಂದೆ" ಎಂದು ಅಮ್ಮ ಹೇಳಿದರು. ಅವರದು ತಪ್ಪೆನ್ನಲಾಗದು. ನಲ್ಲಿ ತೊಟ್ಟಿಕ್ಕಿದರೆ ಮನೆಯ ಲಕ್ಷ್ಮಿ ಹರಿದುಹೋಗುತ್ತಾಳೆ ಎಂದು ಕೇಳಿಕೊಂಡು ಬೆಳೆದವರು ನಾವೆಲ್ಲರೂ. ಆದರೆ ಇಲ್ಲಿನ ಚಳಿಯಲ್ಲಿ ಆ ತೊಟ್ಟಿಕ್ಕುವ ನೀರೇ ಮನೆಯನ್ನು ಉಳಿಸುತ್ತದೆ. ಅದು ಹೇಗೆಂಬುದು ಅರ್ಥವಾಗಬೇಕಾದರೆ ಪೈಪು ನಿಜವಾಗಿ ಯಾಕೆ ಒಡೆಯುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಪೈಪು ಒಡೆಯುವುದು ಎಲ್ಲಿ ಮತ್ತು ಏಕೆ

ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರ ಶೇಕಡ 9ರಷ್ಟು ಹಿಗ್ಗುತ್ತದೆ ಎಂಬುದನ್ನು ಶಾಲೆಯಲ್ಲೇ ಓದಿರುತ್ತೇವೆ. ಹಾಗಾಗಿ ಗಡ್ಡೆ ಕಟ್ಟಿದ ಜಾಗದಲ್ಲೇ ಪೈಪು ಸೀಳುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹೆಚ್ಚಿನ ಸಂದರ್ಭಗಳಲ್ಲಿ ನಡೆಯುವುದು ಬೇರೆಯೇ. ಪೈಪಿನ ಒಂದು ಕಡೆ ಗಡ್ಡೆ ಕಟ್ಟಿ ದಾರಿ ಮುಚ್ಚಿದ ಮೇಲೆ ಅದು ಬೆಳೆಯುತ್ತಾ ಹೋಗಿ, ತನಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರನ್ನು ಪಿಸ್ಟನ್ನಿನಂತೆ ಒತ್ತುತ್ತದೆ. ಮನೆಯ ಪೈಪಿನಲ್ಲಿ ಸಾಮಾನ್ಯವಾಗಿ ಚದರ ಇಂಚಿಗೆ 40ರಿಂದ 80 ಪೌಂಡಿನಷ್ಟಿರುವ ಒತ್ತಡ ಆಗ ಸಾವಿರಗಳ ಲೆಕ್ಕಕ್ಕೆ ಏರುತ್ತದೆ. ನೀರು ಮುಖ್ಯ ಪೈಪಿನ ಕಡೆಗೆ ಹಿಂದೆ ಸರಿಯಬಹುದಾದ್ದರಿಂದ ಆ ಬದಿಗೆ ಅಪಾಯ ಕಡಿಮೆ, ನಲ್ಲಿಯ ಬದಿಗೆ ನೀರು ಹೋಗಲು ಎಡೆಯೇ ಇಲ್ಲ. ಆದ್ದರಿಂದ ಗಡ್ಡೆ ಒಂದು ಕಡೆ ಕಟ್ಟಿದರೆ ಪೈಪು ಅಲ್ಲಿಂದ ಕೆಲವು ಅಡಿ ಆಚೆ, ಕೆಲವೊಮ್ಮೆ ಬೆಚ್ಚಗಿರುವ ಜಾಗದಲ್ಲೇ ಒಡೆಯುತ್ತದೆ. ನಲ್ಲಿ ಸ್ವಲ್ಪ ತೆರೆದಿದ್ದರೆ ಈ ಒತ್ತಡ ಹೊರಹೋಗಲು ದಾರಿಯಿರುತ್ತದೆ, ಗಡ್ಡೆ ಕಟ್ಟಿದರೂ ಪೈಪು ಉಳಿಯುತ್ತದೆ.

ಈ ವಿಷಯದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಕಟ್ಟಡ ಸಂಶೋಧನಾ ವಿಭಾಗ ನಡೆಸಿದ ಪ್ರಯೋಗಗಳು ಮುಖ್ಯವಾದವು. ಬಿಸಿ ಇಲ್ಲದ ಅಟ್ಟದಲ್ಲಿ ಯಾವ ಹೊದಿಕೆಯೂ ಇಲ್ಲದೆ ಹಾದುಹೋಗುವ ಪೈಪುಗಳಿಗೆ ಹೊರಗಿನ ತಾಪಮಾನ 20 ಡಿಗ್ರಿ ಫ್ಯಾರನ್‌ಹೀಟಿಗೆ, ಅಂದರೆ ಸುಮಾರು ಮೈನಸ್ 7 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಅಪಾಯ ಶುರುವಾಗುತ್ತದೆ ಎಂದು ಅವರು ಕಂಡುಕೊಂಡರು. ಹವಾಮಾನ ವರದಿಯಲ್ಲಿ ಈ ಸಂಖ್ಯೆ ಕಂಡ ಕೂಡಲೇ ಎಚ್ಚರವಾಗಬೇಕು. ಆದರೆ ಬರಿಯ ತಾಪಮಾನವನ್ನು ನೋಡಿ ಸುಮ್ಮನಿರಬಾರದು, ಗೋಡೆಯ ಸಣ್ಣ ಕಿಂಡಿಯಿಂದ ನುಗ್ಗುವ ಗಾಳಿ ನೇರವಾಗಿ ಪೈಪಿಗೆ ತಗುಲುತ್ತಿದ್ದರೆ ಇಷ್ಟು ಚಳಿಯಿಲ್ಲದಿದ್ದರೂ ಅದು ಹೆಪ್ಪುಗಟ್ಟಬಹುದು.

ಉತ್ತರದ ರಾಜ್ಯಗಳಿಗಿಂತ ದಕ್ಷಿಣದ ರಾಜ್ಯಗಳಲ್ಲಿ ಪೈಪುಗಳು ಸುಲಭವಾಗಿ ಕೈಕೊಡುವುದಕ್ಕೂ ಕಾರಣವಿದೆ. ಮಿನ್ನೆಸೋಟದಲ್ಲಿ ನೀರಿನ ಪೈಪು ಏಳೆಂಟು ಅಡಿ ಆಳದಲ್ಲಿ ಬಂದು ನೇರವಾಗಿ ಬೇಸ್‌ಮೆಂಟಿಗೆ ಸೇರುತ್ತದೆ. ಟೆಕ್ಸಸ್‌ನಲ್ಲಿ ಬೇಸ್‌ಮೆಂಟ್ ಇಲ್ಲದ ಮನೆಗಳೇ ಹೆಚ್ಚು, ಪೈಪುಗಳಷ್ಟೇ ಅಲ್ಲದೆ ಎಷ್ಟೋ ಮನೆಗಳಲ್ಲಿ ವಾಟರ್ ಹೀಟರ್ ಕೂಡ ಅಟ್ಟದ ಮೇಲೆ ಇರುತ್ತದೆ. 2021ರ ಫೆಬ್ರವರಿ 16ರಂದು ಡಲ್ಲಾಸ್–ಫೋರ್ಟ್ ವರ್ತ್ ವಿಮಾನ ನಿಲ್ದಾಣದಲ್ಲಿ ತಾಪಮಾನ ಮೈನಸ್ 2 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿದಾಗ, ರಾಜ್ಯದ ಉದ್ದಗಲಕ್ಕೂ ಲಕ್ಷಾಂತರ ಮನೆಗಳಿಗೆ ವಿದ್ಯುತ್ ಇರಲಿಲ್ಲ. ಆ ವಾರ ಅಲ್ಲಿನ ಅನೇಕ ಮನೆಗಳಲ್ಲಿ ಮಾಡಿನಿಂದಲೇ ನೀರು ಸುರಿಯಿತು. ಆಸ್ಟಿನ್, ಡಲ್ಲಾಸ್, ಅಟ್ಲಾಂಟಾ ಕಡೆಯ ಕನ್ನಡಿಗರು "ನಮ್ಮಲ್ಲಿ ಅಂಥ ಚಳಿಯಿಲ್ಲ" ಎಂದು ಈ ಬರಹವನ್ನು ಪಕ್ಕಕ್ಕಿಡಬಾರದು ಎಂಬುದಕ್ಕೆ ಇದಿಷ್ಟು ಸಾಕು.

ಮೊದಲ ಹೆಜ್ಜೆ: ಮುಖ್ಯ ವಾಲ್ವ್ ಎಲ್ಲಿದೆ ಎಂದು ಮನೆಯ ಎಲ್ಲರಿಗೂ ಗೊತ್ತಿರಲಿ

ಮನೆ ಕೊಂಡು ಐದಾರು ವರ್ಷ ಕಳೆದರೂ ಮನೆಯೊಳಗೆ ಬರುವ ನೀರನ್ನು ಪೂರ್ತಿ ನಿಲ್ಲಿಸುವ ವಾಲ್ವ್ ಎಲ್ಲಿದೆ ಎಂದು ತಿಳಿಯದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಮಿಕ್ಕ ಎಲ್ಲ ಸಿದ್ಧತೆಗಳಿಗಿಂತ ಇದು ಮುಖ್ಯವೆಂಬುದು ನನ್ನ ಖಚಿತ ಅಭಿಪ್ರಾಯ. ಏಕೆಂದರೆ ಪೈಪು ಒಡೆಯುವುದರಿಂದ ಆಗುವ ನಷ್ಟ ಒಂದು ಪಾಲಾದರೆ, ಒಡೆದ ಪೈಪಿನಿಂದ ಗಂಟೆಗಟ್ಟಲೆ ನೀರು ಸುರಿಯುವುದರಿಂದ ಆಗುವ ನಷ್ಟ ಹತ್ತು ಪಾಲು.

ಬೇಸ್‌ಮೆಂಟ್ ಇರುವ ಮನೆಗಳಲ್ಲಿ ಬೀದಿಯ ಕಡೆಗಿರುವ ಗೋಡೆಯಲ್ಲಿ, ನೀರಿನ ಮೀಟರಿನ ಆಸುಪಾಸಿನಲ್ಲಿ ಈ ವಾಲ್ವ್ ಸಾಮಾನ್ಯವಾಗಿ ಸಿಗುತ್ತದೆ. ಬೇಸ್‌ಮೆಂಟ್ ಇಲ್ಲದ ಕಡೆ ಗ್ಯಾರೇಜಿನಲ್ಲಿ, ವಾಟರ್ ಹೀಟರಿನ ಹತ್ತಿರ, ಇಲ್ಲವೇ ಅಂಗಳದ ಅಂಚಿನಲ್ಲಿ ನೆಲದೊಳಗಿರುವ ಮೀಟರ್ ಪೆಟ್ಟಿಗೆಯಲ್ಲಿ ಹುಡುಕಬೇಕು. ನೆಲದೊಳಗಿನ ವಾಲ್ವನ್ನು ತಿರುಗಿಸಲು ಉದ್ದ ಹಿಡಿಯ ವಿಶೇಷ ಕೀ ಬೇಕಾಗುತ್ತದೆ. ಅದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಚಳಿಗಾಲಕ್ಕೆ ಮೊದಲೇ ತಂದು ಗ್ಯಾರೇಜಿನಲ್ಲಿ ಕಣ್ಣಿಗೆ ಬೀಳುವಂತೆ ತೂಗುಹಾಕಿ.

ವಾಲ್ವ್ ಸಿಕ್ಕ ಮೇಲೆ ಅದು ಕೆಲಸ ಮಾಡುತ್ತದೆಯೇ ಎಂದು ನೋಡಲೇಬೇಕು. ಉದ್ದನೆಯ ಹಿಡಿಯ ಬಾಲ್ ವಾಲ್ವ್ ಆಗಿದ್ದರೆ ಕಾಲು ಸುತ್ತು ತಿರುಗಿಸಿದರೆ ಸಾಕು: ಹಿಡಿ ಪೈಪಿನ ಜೊತೆಗೇ ನೇರವಾಗಿದ್ದರೆ ತೆರೆದಿದೆ, ಅಡ್ಡವಾಗಿದ್ದರೆ ಮುಚ್ಚಿದೆ. ಹಳೆಯ ಮನೆಗಳಲ್ಲಿ ದುಂಡು ಚಕ್ರದಂತಹ ಹಿಡಿಯ ಗೇಟ್ ವಾಲ್ವ್ ಇರುತ್ತದೆ. ಅದನ್ನು ಬಲಕ್ಕೆ ಹಲವು ಸುತ್ತು ತಿರುಗಿಸಬೇಕು, ವರ್ಷಗಟ್ಟಲೆ ಮುಟ್ಟದಿದ್ದರೆ ಅದು ಜಡ್ಡುಗಟ್ಟಿರುತ್ತದೆ, ಬಲ ಹಾಕಿದರೆ ಹಿಡಿಯೇ ಕೈಗೆ ಬರಬಹುದು. ಅಂತಹ ವಾಲ್ವ್ ಇದ್ದರೆ ಅಕ್ಟೋಬರಿನೊಳಗೆ ಪ್ಲಂಬರನ್ನು ಕರೆಸಿ ಬಾಲ್ ವಾಲ್ವಿಗೆ ಬದಲಾಯಿಸಿಕೊಳ್ಳುವುದು ಒಳ್ಳೆಯದು. ಬಳಿಕ ಒಂದು ಭಾನುವಾರ ವಾಲ್ವ್ ಮುಚ್ಚಿ, ಅಡುಗೆಮನೆಯ ನಲ್ಲಿ ತೆರೆದು, ನೀರು ಪೂರ್ತಿ ನಿಲ್ಲುತ್ತದೆಯೇ ಎಂದು ನೋಡಿ. ಮಕ್ಕಳಿಗೂ ಹಿರಿಯರಿಗೂ ತೋರಿಸಿ ವಾಲ್ವಿಗೊಂದು ಕೆಂಪು ಚೀಟಿ ಕಟ್ಟಿ. ಅಮ್ಮನಿಗೆ ಅನುಕೂಲವಾಗಲೆಂದು ನಮ್ಮ ಮನೆಯ ಚೀಟಿಯ ಮೇಲೆ "ನೀರು ನಿಲ್ಲಿಸಲು ಇಲ್ಲಿ" ಎಂದು ಕನ್ನಡದಲ್ಲೇ ಬರೆದಿದ್ದೇನೆ.

ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗೆ ಇರುವವರಿಗೆ ಮುಖ್ಯ ವಾಲ್ವ್ ಕೈಗೆ ಸಿಗದೆ ಇರಬಹುದು. ಅವರು ಕಟ್ಟಡದ ನಿರ್ವಹಣಾ ಸಿಬ್ಬಂದಿಯ ತುರ್ತು ದೂರವಾಣಿ ಸಂಖ್ಯೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿರಬೇಕು. ಸಿಂಕಿನ ಕೆಳಗೂ ಕಮೋಡಿನ ಹಿಂದೆಯೂ ಇರುವ ಸಣ್ಣ ವಾಲ್ವುಗಳನ್ನು ತಿರುಗಿಸಲು ಬರುತ್ತದೆಯೇ ಎಂದು ನೋಡಿಕೊಂಡಿರಬೇಕು.

ಎರಡನೆಯ ಹೆಜ್ಜೆ: ಹೊರಗಿನ ನಲ್ಲಿ, ಹೋಸ್, ತೋಟದ ಪೈಪುಗಳು

ಮೊದಲ ಹಿಮ ಬೀಳುವ ಮುನ್ನ, ಉತ್ತರದ ರಾಜ್ಯಗಳಲ್ಲಿ ಅಕ್ಟೋಬರಿನಲ್ಲಿ, ಮನೆಯ ಹೊರಗಿನ ಎಲ್ಲ ನಲ್ಲಿಗಳಿಂದ ಹೋಸುಗಳನ್ನು ಕಳಚಿ, ಒಳಗಿನ ನೀರು ಬಸಿದು, ಸುತ್ತಿ ಒಳಗಿಡಬೇಕು. ಎರಡು ನಿಮಿಷದ ಕೆಲಸವಿದು, ಇದನ್ನು ಮರೆತು ನಾನು ತೆತ್ತ ಬೆಲೆ ಸಣ್ಣದಲ್ಲ.

ಹೊಸ ಮನೆಗಳಲ್ಲಿ ಹೆಪ್ಪುಗಟ್ಟದ ನಲ್ಲಿ ಎಂದು ಹೇಳಿ ಕೂರಿಸಿರುವ ನಲ್ಲಿಗಳ ರಚನೆ ಬೇರೆ. ಹಿಡಿ ಹೊರಗಿದ್ದರೂ ನೀರನ್ನು ತಡೆಯುವ ವಾಲ್ವ್ ಉದ್ದನೆಯ ಕೊಳವೆಯ ತುದಿಯಲ್ಲಿ, ಗೋಡೆಯ ಒಳಗೆ ಬೆಚ್ಚನೆಯ ಭಾಗದಲ್ಲಿರುತ್ತದೆ. ನಲ್ಲಿ ನಿಲ್ಲಿಸಿದ ಮೇಲೆ ಕೊಳವೆಯಲ್ಲಿ ಉಳಿದ ನೀರು ತಾನಾಗಿ ಹೊರಗೆ ಬಸಿದು ಹೋಗುವುದರಿಂದ ಅಲ್ಲಿ ಗಡ್ಡೆ ಕಟ್ಟಲು ನೀರೇ ಇರುವುದಿಲ್ಲ. ಆದರೆ ತುದಿಗೆ ಹೋಸ್ ಸಿಕ್ಕಿಸಿಯೇ ಬಿಟ್ಟಿದ್ದರೆ ನೀರು ಬಸಿಯುವುದಿಲ್ಲ, ಕೊಳವೆ ಗೋಡೆಯೊಳಗೇ ಸೀಳುತ್ತದೆ. ಇದರಲ್ಲಿರುವ ಮೋಸವೇನೆಂದರೆ ವಾಲ್ವ್ ಇನ್ನೂ ಒಳಗೆ ಮುಚ್ಚಿರುವುದರಿಂದ ಚಳಿಗಾಲವಿಡೀ ಏನೂ ಗೊತ್ತಾಗುವುದಿಲ್ಲ. ನಾನು ಏಪ್ರಿಲ್ ಕೊನೆಯಲ್ಲಿ ಮೆಂತ್ಯದ ಮಡಿಗೆ ನೀರು ಬಿಡಲು ಆ ನಲ್ಲಿಯನ್ನು ತಿರುಗಿಸಿದೆ, ಹೋಸಿನ ತುದಿಯಲ್ಲಿ ನೀರು ಯಾಕೋ ಸಣ್ಣಗೆ ಬರುತ್ತಿದೆಯಲ್ಲ ಎಂದುಕೊಂಡೇ ಅರ್ಧ ಗಂಟೆ ತೋಟದಲ್ಲಿ ಇದ್ದೆ. ಒಳಗೆ ಹೋಗಿ ನೋಡುವಷ್ಟರಲ್ಲಿ ಬೇಸ್‌ಮೆಂಟಿನ ಕಾರ್ಪೆಟ್ ಕಾಲಿಟ್ಟಲ್ಲೆಲ್ಲ ಪಚಪಚ ಎನ್ನುತ್ತಿತ್ತು. ಆದ್ದರಿಂದ ವಸಂತದಲ್ಲಿ ಹೊರಗಿನ ನಲ್ಲಿಯನ್ನು ಮೊದಲ ಸಲ ತೆರೆಯುವಾಗ ಒಬ್ಬರು ಒಳಗೆ, ಆ ಗೋಡೆಯ ಹತ್ತಿರ ನಿಂತು ನೋಡುತ್ತಿರಬೇಕು.

ಹಳೆಯ ಬಗೆಯ ನಲ್ಲಿಗಳಾದರೆ ಮನೆಯ ಒಳಗೆ ಆ ಪೈಪಿಗೆಂದೇ ಪ್ರತ್ಯೇಕ ವಾಲ್ವ್ ಇರುತ್ತದೆ. ಅದನ್ನು ಮುಚ್ಚಿ, ಹೊರಗಿನ ನಲ್ಲಿಯನ್ನು ತೆರೆದು ನೀರನ್ನೆಲ್ಲ ಹೊರಬಿಟ್ಟು, ಚಳಿಗಾಲ ಮುಗಿಯುವವರೆಗೂ ನಲ್ಲಿಯನ್ನು ತೆರೆದೇ ಇಡಿ. ಒಳಗಿನ ವಾಲ್ವಿನ ಪಕ್ಕದಲ್ಲಿ ಸಣ್ಣ ಬಿರಡೆ ಇದ್ದರೆ ಅದನ್ನೂ ಸಡಿಲಿಸಿ, ಕೆಳಗೊಂದು ಲೋಟ ಹಿಡಿದು ಉಳಿದ ನೀರನ್ನು ಇಳಿಸಬೇಕು. ಟೆಕ್ಸಸ್, ಜಾರ್ಜಿಯಾ ಕಡೆ ಒಳಗಿನ ವಾಲ್ವೇ ಇಲ್ಲದ ಮನೆಗಳಲ್ಲಿ ಫೋಮ್ ಟೊಪ್ಪಿಗೆಯನ್ನು ನಲ್ಲಿಗೆ ತೊಡಿಸುತ್ತಾರೆ. ಒಂದೆರಡು ರಾತ್ರಿಯ ಚಳಿಗೆ ಅದು ಸಾಕಾಗಬಹುದು, ವಾರಗಟ್ಟಲೆಯ ಚಳಿಗೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಹುಲ್ಲುಹಾಸಿಗೆ ನೆಲದೊಳಗಿನ ಸ್ಪ್ರಿಂಕ್ಲರ್ ಇದ್ದರೆ ಕಂಪ್ರೆಸರಿನ ಗಾಳಿಯಿಂದ ಪೈಪಿನ ನೀರನ್ನು ಊದಿ ಹೊರಹಾಕಿಸಬೇಕು. ಗಾಳಿಯ ಒತ್ತಡ ಗಟ್ಟಿ ಪಿವಿಸಿ ಪೈಪಿಗೆ 80, ಬಾಗುವ ಪಾಲಿ ಪೈಪಿಗೆ 50 ಪೌಂಡಿನ ಮಿತಿಯನ್ನು ದಾಟಬಾರದು. ಇದನ್ನು ಸ್ವತಃ ಮಾಡುವ ಉತ್ಸಾಹಿಗಳಿದ್ದಾರೆ, ಆದರೆ ನಾನು ಪ್ರತಿ ವರ್ಷ ಇದೇ ಕೆಲಸ ಮಾಡುವವರನ್ನು ಕರೆಸುತ್ತೇನೆ.

ಮೂರನೆಯ ಹೆಜ್ಜೆ: ಗಾಳಿಯನ್ನು ತಡೆದು ಪೈಪಿಗೆ ಹೊದಿಸುವುದು

ಪೈಪಿಗೆ ಫೋಮ್ ಹೊದಿಸಿದರೆ ಕೆಲಸ ಮುಗಿಯಿತು ಎಂದು ಅನೇಕರು ಭಾವಿಸುತ್ತಾರೆ. ಹೊದಿಕೆಯು ಶಾಖವನ್ನು ಉಂಟುಮಾಡುವುದಿಲ್ಲ, ಇರುವ ಶಾಖ ಬೇಗ ಹೋಗದಂತೆ ನಿಧಾನಗೊಳಿಸುತ್ತದೆ ಅಷ್ಟೆ. ಆದ್ದರಿಂದ ಮೊದಲು ತಣ್ಣನೆಯ ಗಾಳಿ ಎಲ್ಲಿಂದ ಬರುತ್ತಿದೆ ಎಂದು ಪತ್ತೆಮಾಡಬೇಕು. ಗಾಳಿ ಜೋರಾಗಿ ಬೀಸುವ ದಿನ ಒಂದು ಊದುಬತ್ತಿ ಹಚ್ಚಿಕೊಂಡು ಸಿಂಕಿನ ಕೆಳಗೆ, ಬೇಸ್‌ಮೆಂಟಿನ ಗೋಡೆ ಮತ್ತು ಮೇಲಿನ ಮರದ ತೊಲೆ ಕೂಡುವ ಅಂಚಿನುದ್ದಕ್ಕೂ, ಬಟ್ಟೆ ಒಣಗಿಸುವ ಯಂತ್ರದ ಹೊಗೆಕೊಳವೆ ಮತ್ತು ಕೇಬಲ್ಲುಗಳು ಗೋಡೆ ದಾಟುವ ಕಡೆಗಳಲ್ಲಿ ನಿಧಾನವಾಗಿ ಹಿಡಿಯುತ್ತಾ ಹೋಗಿ. ಹೊಗೆ ನೆಟ್ಟಗೆ ಏರದೆ ಓರೆಯಾಗಿ ಓಡುವ ಕಡೆ ಕಿಂಡಿಯಿದೆ. ಪೂಜೆಯ ಊದುಬತ್ತಿಗೆ ಇಂಥದೊಂದು ಉಪಯೋಗವೂ ಇದೆ ಎಂದು ನಮ್ಮ ಪಕ್ಕದ ಮನೆಯವರಿಗೆ ತೋರಿಸಿದಾಗ ಅವರೂ ಒಂದು ಕಟ್ಟು ಕೇಳಿ ಪಡೆದರು. ಹತ್ತಿಯಂತಹ ಇನ್ಸುಲೇಶನ್ ಮತ್ತು ಉರಿಯುವ ವಸ್ತುಗಳಿಂದ ಕಿಡಿಯನ್ನು ದೂರವಿಡಬೇಕು ಎಂದು ಬೇರೆ ಹೇಳಬೇಕಿಲ್ಲವಷ್ಟೆ. ಸಣ್ಣ ಬಿರುಕಿಗೆ ಕಾಕ್ ಎಂಬ ಬಿರುಕು ಮುಚ್ಚುವ ಅಂಟು, ದೊಡ್ಡ ಕಿಂಡಿಗೆ ಹಿಗ್ಗುವ ಸ್ಪ್ರೇ ಫೋಮ್ ತುಂಬಿಸಿ. ಮನೆಯನ್ನು ಬಿಸಿ ಮಾಡುವ ಫರ್ನೇಸ್ ಅಥವಾ ಗ್ಯಾಸ್ ಹೀಟರಿನ ಬಿಸಿ ಹೊಗೆ ಹೋಗುವ ಕೊಳವೆಯ ಸುತ್ತ ಮಾತ್ರ ಸಾಮಾನ್ಯ ಫೋಮ್ ಹಾಕಬಾರದು.

ಆ ಮೇಲೆ ಹೊದಿಕೆ. ಅಂಗಡಿಯಲ್ಲಿ ಉದ್ದಕ್ಕೆ ಸೀಳಿರುವ ಫೋಮ್ ಕೊಳವೆಗಳು ಸಿಗುತ್ತವೆ. ಅಳತೆಯಲ್ಲಿ ಒಂದು ಗೊಂದಲವಿದೆ: ಅರ್ಧ ಇಂಚಿನ ತಾಮ್ರದ ಪೈಪು ಎಂದು ಕರೆಯುವುದರ ಹೊರ ವ್ಯಾಸ ಅರ್ಧ ಇಂಚಲ್ಲ, 5/8 ಇಂಚು, ಮುಕ್ಕಾಲು ಇಂಚಿನದು 7/8 ಇಂಚು. ಫೋಮಿನ ಹೊದಿಕೆಯ ಮೇಲೆ ಯಾವ ಅಳತೆ ಬರೆದಿದೆ ಎಂದು ಓದಿ ಕೊಳ್ಳಿ. ಪೈಪನ್ನು ಒರೆಸಿ, ಹೊದಿಕೆಯನ್ನು ಸೀಳಿನಿಂದ ತೊಡಿಸಿ, ಸೀಳಿನ ಉದ್ದಕ್ಕೂ ಟೇಪ್ ಅಂಟಿಸಬೇಕು. ನೇರ ಪೈಪಿಗೆ ಚೆನ್ನಾಗಿ ಹೊದಿಸಿ ಮೂಲೆಯ ತಿರುವುಗಳನ್ನು ಬೆತ್ತಲೆ ಬಿಡುವುದು ಎಲ್ಲರೂ ಮಾಡುವ ತಪ್ಪು, ಅಲ್ಲಿ ಹೊದಿಕೆಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ ಜೋಡಿಸಿ. ತಣ್ಣೀರಿನ ಪೈಪಿನಷ್ಟೇ ಬಿಸಿನೀರಿನ ಪೈಪಿಗೂ ಹೊದಿಕೆ ಬೇಕು, ರಾತ್ರಿಯಿಡೀ ಯಾರೂ ಬಳಸದಿದ್ದರೆ ಅದರಲ್ಲಿರುವುದೂ ತಣ್ಣೀರೇ. ಗೋಡೆಯೊಳಗಿನ ಪೈಪಿಗೆ ಇನ್ಸುಲೇಶನ್ ತುಂಬುವಾಗ ಅದು ಪೈಪು ಮತ್ತು ಹೊರಗೋಡೆಯ ನಡುವೆ ಇರಬೇಕು. ಪೈಪು ಮತ್ತು ಕೋಣೆಯ ನಡುವೆ ತುಂಬಿದರೆ ಮನೆಯ ಬಿಸಿಯನ್ನೇ ಪೈಪಿಗೆ ತಾಕದಂತೆ ತಡೆದಂತಾಗುತ್ತದೆ.

ಬಿಸಿಯೇ ಇಲ್ಲದ ಕ್ರಾಲ್ ಸ್ಪೇಸ್ (ಮನೆಯ ನೆಲದಡಿ ತೆವಳಿಕೊಂಡು ಹೋಗುವಷ್ಟೇ ಎತ್ತರದ ಜಾಗ) ಅಥವಾ ಅಟ್ಟದಲ್ಲಿ ಹಾದುಹೋಗುವ ಪೈಪಿಗೆ ಹೊದಿಕೆ ಮಾತ್ರ ಸಾಲದು, ವಿದ್ಯುತ್ತಿನ ಹೀಟ್ ಕೇಬಲ್ ಬೇಕಾಗಬಹುದು. ಚಳಿಗೆ ತಕ್ಕಂತೆ ಶಾಖವನ್ನು ತಾನೇ ಹೆಚ್ಚುಕಡಿಮೆ ಮಾಡಿಕೊಳ್ಳುವ ಬಗೆಯನ್ನೇ ಆರಿಸಿಕೊಳ್ಳಿ. ಸದಾ ಒಂದೇ ಶಾಖ ಕೊಡುವ ಬಗೆಯ ಕೇಬಲ್ಲನ್ನು ಅದರ ಮೇಲೆಯೇ ಸುತ್ತು ಹಾಕಿದರೆ ಆ ಜಾಗ ಕಾದು ಬೆಂಕಿ ಹತ್ತಬಹುದು. ಸುರಕ್ಷತಾ ಪ್ರಮಾಣದ ಮುದ್ರೆ ಇರುವುದನ್ನೇ ಕೊಂಡು, ವಿದ್ಯುತ್ ಸೋರಿದರೆ ತಾನೇ ಸಂಪರ್ಕ ಕಡಿಯುವ ಜಿಎಫ್‌ಸಿಐ ಸಾಕೆಟ್ಟಿಗೆ ನೇರವಾಗಿ ಸಿಕ್ಕಿಸಿ. ಕೇಬಲ್ಲಿನ ಮೇಲೆ ಹೊದಿಕೆ ಹಾಕಬಹುದೇ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆಯಾಗಿರುವುದರಿಂದ ಪೆಟ್ಟಿಗೆಯೊಳಗಿನ ಸೂಚನಾಪತ್ರ ಏನು ಹೇಳುತ್ತದೋ ಅದೇ ಅಂತಿಮ.

ನಾಲ್ಕನೆಯ ಹೆಜ್ಜೆ: ಚಳಿಯ ಆ ರಾತ್ರಿ

ಮುನ್ಸೂಚನೆ ಬಂದ ದಿನ ಸಂಜೆಯೇ ಹೊರಗೋಡೆಯಲ್ಲಿರುವ ಸಿಂಕುಗಳ ಕೆಳಗಿನ ಕಪಾಟಿನ ಬಾಗಿಲುಗಳನ್ನು ತೆರೆದಿಡಿ, ಕೋಣೆಯ ಬಿಸಿಗಾಳಿ ಒಳಗೆ ಆಡಲಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಅಲ್ಲಿಟ್ಟಿರುವ ಸೋಪು, ಆಸಿಡ್ಡಿನ ಬಾಟಲಿಗಳನ್ನು ಮೊದಲು ಎತ್ತಿಡಬೇಕು. ಗ್ಯಾರೇಜಿನಲ್ಲಿ ನೀರಿನ ಪೈಪಿದ್ದರೆ ಅದರ ಬಾಗಿಲನ್ನು ಕಾರು ತೆಗೆಯುವಾಗಷ್ಟೇ ತೆರೆಯಿರಿ. ರಾತ್ರಿ ಥರ್ಮೋಸ್ಟಾಟನ್ನು ಇಳಿಸಿ ಕಂಬಳಿ ಹೊದ್ದು ಮಲಗುವ ಉಳಿತಾಯದ ಅಭ್ಯಾಸವನ್ನು ಅಂತಹ ರಾತ್ರಿಗಳಲ್ಲಿ ಬಿಟ್ಟು, ಹಗಲಿನ ತಾಪಮಾನವನ್ನೇ ಮುಂದುವರಿಸಿ.

ಇನ್ನು ನಲ್ಲಿ ಬಿಡುವ ವಿಚಾರ. ಎಲ್ಲ ನಲ್ಲಿಗಳನ್ನೂ ಬಿಡುವ ಅಗತ್ಯವಿಲ್ಲ. ಮುಖ್ಯ ವಾಲ್ವಿನಿಂದ ಅತಿ ದೂರದಲ್ಲಿರುವುದನ್ನು ಮತ್ತು ಹೊರಗೋಡೆ, ಅಟ್ಟ, ಕ್ರಾಲ್ ಸ್ಪೇಸ್ ಹಾದು ಬರುವ ಪೈಪಿನ ನಲ್ಲಿಗಳನ್ನು ಬಿಟ್ಟರೆ ಸಾಕು. ಒಂದೇ ಹಿಡಿಯ ನಲ್ಲಿಯಾಗಿದ್ದರೆ ಹಿಡಿಯನ್ನು ನಡುವೆ ನಿಲ್ಲಿಸಿ, ಬಿಸಿ ಮತ್ತು ತಣ್ಣೀರಿನ ಎರಡೂ ಪೈಪುಗಳಲ್ಲಿ ನೀರು ಚಲಿಸುವಂತೆ ಮಾಡಬೇಕು. ತೆಳ್ಳನೆಯ ಎಳೆಯಷ್ಟು ನೀರು ಸಾಕು. ನೀರು ದಂಡವಾಗುತ್ತದೆ ಎಂದು ಮನಸ್ಸು ಚುಚ್ಚುವವರು ಅಡಿಯಲ್ಲೊಂದು ದೊಡ್ಡ ಪಾತ್ರೆ ಇಟ್ಟು ಆ ನೀರನ್ನು ಬೆಳಿಗ್ಗೆ ಬಳಸಬಹುದು, ನಮ್ಮಲ್ಲಿ ಈಗ ಅಮ್ಮನೇ ಕೊಳಗವಿಡುತ್ತಾರೆ. ಪಾತ್ರೆ ತುಂಬಿ ಹರಿದರೂ ನೀರು ಸಿಂಕಿಗೇ ಇಳಿಯುವಂತಿರಲಿ.

ವಿದ್ಯುತ್ ಹೋದರೆ ಲೆಕ್ಕ ಬದಲಾಗುತ್ತದೆ. ಗ್ಯಾಸ್ ಫರ್ನೇಸ್ ಕೂಡ ಫ್ಯಾನಿಗೆ ವಿದ್ಯುತ್ತನ್ನೇ ಅವಲಂಬಿಸಿದೆ. ಗೋಡೆಗೆ ತೂಗುಹಾಕಿರುವ ಟ್ಯಾಂಕ್ ಇಲ್ಲದ ವಾಟರ್ ಹೀಟರಿನೊಳಗೆ ಹೆಪ್ಪುಗಟ್ಟದಂತೆ ಕಾಯುವ ಸಣ್ಣ ಹೀಟರ್ ಇದ್ದರೂ ಅದಕ್ಕೂ ವಿದ್ಯುತ್ ಬೇಕು. ಹೊರಗೆ ಕಡು ಚಳಿಯಿದ್ದು, ಕೆಲವು ಗಂಟೆಗಳಲ್ಲಿ ವಿದ್ಯುತ್ ಬರುವ ಸೂಚನೆಯಿಲ್ಲದೆ ಮನೆಯೊಳಗಿನ ತಾಪಮಾನ 40 ಡಿಗ್ರಿ ಫ್ಯಾರನ್‌ಹೀಟಿನತ್ತ ಇಳಿಯುತ್ತಿದ್ದರೆ, ಕುಡಿಯಲು ಮತ್ತು ಕಮೋಡಿಗೆ ಬೇಕಾದಷ್ಟು ನೀರನ್ನು ತುಂಬಿಟ್ಟುಕೊಂಡು ಮುಖ್ಯ ವಾಲ್ವ್ ಮುಚ್ಚಿ ಪೈಪುಗಳನ್ನು ಬರಿದು ಮಾಡುವುದೇ ಲೇಸು. ಬೆಚ್ಚಗಿರಲೆಂದು ಇದ್ದಿಲ ಒಲೆ, ಗ್ಯಾಸ್ ಸ್ಟೌ, ಜನರೇಟರುಗಳನ್ನು ಮನೆಯೊಳಗೆ ಅಥವಾ ಗ್ಯಾರೇಜಿನಲ್ಲಿ ಉರಿಸಬಾರದು. ಅವುಗಳ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಟೆಕ್ಸಸ್‌ನಲ್ಲಿ ಆ ವಾರ ಅದರಿಂದಲೂ ಜೀವಗಳು ಹೋದವು.

ಹೆಪ್ಪುಗಟ್ಟಿದರೆ, ಒಡೆದರೆ

ಬೆಳಿಗ್ಗೆ ಒಂದು ನಲ್ಲಿಯಲ್ಲಿ ಮಾತ್ರ ನೀರು ಬರದಿದ್ದರೆ ಆ ಪೈಪು ಹೆಪ್ಪುಗಟ್ಟಿದೆ ಎಂದುಕೊಳ್ಳಿ. ನಲ್ಲಿಯನ್ನು ತೆರೆದೇ ಇಡಿ, ಕರಗಿದ ನೀರು ಮತ್ತು ಆವಿ ಹೊರಬರಲು ದಾರಿ ಬೇಕು. ಕಣ್ಣಿಗೆ ಕಾಣುವ ಪೈಪಾದರೆ ಕೂದಲು ಒಣಗಿಸುವ ಡ್ರೈಯರನ್ನು ನಲ್ಲಿಯ ತುದಿಯಿಂದ ಆರಂಭಿಸಿ ಗಡ್ಡೆಯ ಕಡೆಗೆ ನಿಧಾನವಾಗಿ ಸರಿಸುತ್ತಾ ಬನ್ನಿ. ನಡುವಿನಿಂದ ಕಾಯಿಸಿದರೆ ಕರಗಿದ ನೀರು ಎರಡು ಗಡ್ಡೆಗಳ ನಡುವೆ ಸಿಕ್ಕಿಬೀಳುತ್ತದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ ಸುತ್ತುವುದೂ ಆಗುತ್ತದೆ. ನೀರು ನಿಂತಿರುವ ನೆಲದ ಮೇಲೆ ನಿಂತು ಡ್ರೈಯರ್ ಹಿಡಿಯಬಾರದು. ಬ್ಲೋ ಟಾರ್ಚ್ ಅಥವಾ ಯಾವುದೇ ಬೆಂಕಿಯ ಜ್ವಾಲೆಯನ್ನು ಪೈಪಿನ ಹತ್ತಿರ ತರಲೇಬಾರದು. ಅಂದು ಬೆಳಿಗ್ಗೆ ನಮ್ಮ ಸಿಂಕಿನ ಕೆಳಗೆ ಅಮ್ಮ ಟಾರ್ಚ್ ಬೆಳಕು ತೋರಿಸುತ್ತಾ ಕೂತಿದ್ದರು, ನಾನು ಡ್ರೈಯರ್ ಹಿಡಿದು ಮಲಗಿದ್ದೆ. ನಲವತ್ತು ನಿಮಿಷ ಕಳೆದ ಮೇಲೆ ನಲ್ಲಿ ಮೊದಲು ಕೆಮ್ಮಿತು, ಆಮೇಲೆ ಒಂದು ತುಣುಕು ಮಂಜನ್ನು ಉಗುಳಿತು, ಕೊನೆಗೆ ನೀರು ಬಂತು.

ಗಡ್ಡೆ ಗೋಡೆಯೊಳಗಿದ್ದರೆ ಕೋಣೆಯ ಬಿಸಿ ಹೆಚ್ಚಿಸಿ, ಕಪಾಟು ತೆರೆದು ಕಾಯಬೇಕು, ಕೆಲವು ಗಂಟೆಗಳಲ್ಲಿ ಬಿಡದಿದ್ದರೆ ಪ್ಲಂಬರನ್ನೇ ಕರೆಯಬೇಕು. ಯಾವುದೇ ಗಡ್ಡೆ ಕರಗುವಾಗ ಮುಖ್ಯ ವಾಲ್ವಿನ ಹತ್ತಿರ ಒಬ್ಬರು ಸಿದ್ಧವಾಗಿ ನಿಂತಿರಲಿ, ಏಕೆಂದರೆ ಪೈಪು ಸೀಳಿದ್ದರೂ ಗಡ್ಡೆಯೇ ಅದನ್ನು ಬಿರಡೆಯಂತೆ ಮುಚ್ಚಿಕೊಂಡಿರುತ್ತದೆ, ಕರಗಿದಾಗಲೇ ನೀರು ಚಿಮ್ಮುವುದು. ಚಿಮ್ಮಿದರೆ ಮೊದಲು ವಾಲ್ವ್ ಮುಚ್ಚಿ, ನಂತರ ನಲ್ಲಿಗಳನ್ನೆಲ್ಲ ತೆರೆದು ಪೈಪಿನಲ್ಲಿರುವುದನ್ನು ಖಾಲಿ ಮಾಡಿ. ನೀರು ವಿದ್ಯುತ್ ಪ್ಯಾನೆಲಿನತ್ತ ಹರಿದಿದ್ದರೆ ಅದರ ಹತ್ತಿರ ಹೋಗದೆ ಹೊರಬಂದು ಸಹಾಯ ಕೇಳಿ. ಏನನ್ನೂ ಎಸೆಯುವ ಮೊದಲು ಫೋಟೋ ತೆಗೆದುಕೊಂಡು ವಿಮೆಯವರಿಗೆ ತಿಳಿಸಬೇಕು.

ಐದನೆಯ ಹೆಜ್ಜೆ: ಡಿಸೆಂಬರಿನಲ್ಲಿ ಊರಿಗೆ ಹೊರಡುವಾಗ

ನಮ್ಮವರ ಮನೆಗಳಿಗೆ ವಿಶೇಷವಾಗಿ ಬರುವ ಅಪಾಯ ಇದು. ಶಾಲೆಗೆ ರಜೆ ಸಿಗುವುದು ಡಿಸೆಂಬರಿನಲ್ಲಿ, ಊರಿನಲ್ಲಿ ಹವೆ ಹಿತವಾಗಿರುವುದೂ ಆಗಲೇ. ಹೀಗಾಗಿ ವರ್ಷದ ಅತಿ ಚಳಿಯ ಮೂರು ನಾಲ್ಕು ವಾರ ಮನೆ ಬೀಗ ಹಾಕಿಕೊಂಡಿರುತ್ತದೆ. ಮನೆಯವರು ಬೆಂಗಳೂರಿನಲ್ಲಿ ಅವರೆಕಾಳು ಸುಲಿಯುತ್ತಾ ಕೂತಿರುವಾಗ ಇಲ್ಲಿ ಒಡೆದ ಪೈಪು ದಿನಗಟ್ಟಲೆ ಸುರಿದರೂ ಕೇಳುವವರಿಲ್ಲ.

ಸಾಮಾನ್ಯ ಮನೆ ವಿಮೆಯ ಪಾಲಿಸಿಗಳಲ್ಲಿ ಹೆಪ್ಪುಗಟ್ಟಿ ಒಡೆದ ಪೈಪಿನ ನಷ್ಟಕ್ಕೆ ಒಂದು ಷರತ್ತು ಇರುತ್ತದೆ: ಮನೆಯಲ್ಲಿ ಬಿಸಿಯನ್ನು ಉಳಿಸಿಕೊಳ್ಳಲು ತಕ್ಕ ಎಚ್ಚರ ವಹಿಸಿರಬೇಕು, ಇಲ್ಲವೇ ನೀರನ್ನು ನಿಲ್ಲಿಸಿ ಪೈಪುಗಳನ್ನು ಬರಿದು ಮಾಡಿರಬೇಕು. ಬಿಲ್ ಉಳಿಸಲು ಹೀಟಿಂಗ್ ಆರಿಸಿ, ನೀರನ್ನು ಹಾಗೇ ಬಿಟ್ಟು ಹೋದವರಿಗೆ ಪರಿಹಾರ ಸಿಗದೆ ಹೋಗಬಹುದು. ಹೊರಡುವ ಮುನ್ನ ನಿಮ್ಮ ಪಾಲಿಸಿಯ ಆ ಭಾಗವನ್ನು ಒಮ್ಮೆ ಓದಿ.

ಇವೆರಡರಲ್ಲಿ ಒಂದನ್ನು ಮಾಡಿದರೆ ಸಾಕೆಂದು ಪಾಲಿಸಿ ಹೇಳಿದರೂ ನಾನು ಎರಡನ್ನೂ ಮಾಡುತ್ತೇನೆ. ಹೀಟಿಂಗನ್ನು 55 ಡಿಗ್ರಿ ಫ್ಯಾರನ್‌ಹೀಟಿಗಿಂತ, ಅಂದರೆ ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಸಬಾರದು ಎಂದು ಅಮೆರಿಕನ್ ರೆಡ್ ಕ್ರಾಸ್ ಹೇಳುತ್ತದೆ. ಗೋಡೆಯೊಳಗಿನ ಪೈಪು ಕೋಣೆಗಿಂತ ತಣ್ಣಗಿರುತ್ತದಾದ್ದರಿಂದ ನಾನು 58ಕ್ಕೆ ಇಡುತ್ತೇನೆ. ಆ ಮೇಲೆ ಮುಖ್ಯ ವಾಲ್ವ್ ಮುಚ್ಚಿ, ಮೇಲಿನ ಮಹಡಿಯ ನಲ್ಲಿಯೊಂದನ್ನೂ ಬೇಸ್‌ಮೆಂಟಿನ ಅತಿ ಕೆಳಗಿನ ನಲ್ಲಿಯನ್ನೂ, ಬಿಸಿ ತಣ್ಣೀರು ಎರಡನ್ನೂ, ತೆರೆಯಬೇಕು. ಮೇಲಿನಿಂದ ಗಾಳಿ ಹೊಕ್ಕು ಕೆಳಗಿನಿಂದ ನೀರು ಇಳಿಯುತ್ತದೆ. ಕಮೋಡುಗಳನ್ನು ಒಮ್ಮೆ ಫ್ಲಶ್ ಮಾಡಿ. ನೀರು ನಿಂತ ಮೇಲೆ ನಲ್ಲಿಗಳನ್ನು ಮುಚ್ಚಬಹುದು. ಹೀಗೆ ಮಾಡಿ ಹೋದರೆ, ನಡುವೆ ವಿದ್ಯುತ್ ಹೋಗಿ ಫರ್ನೇಸ್ ನಿಂತು ಪೈಪು ಒಡೆದರೂ ಸುರಿಯುವುದು ಮನೆಯೊಳಗೆ ಉಳಿದಿರುವ ನೀರು ಮಾತ್ರ, ಊರಿನ ನೀರೆಲ್ಲ ಅಲ್ಲ.

ಗ್ಯಾಸ್ ವಾಟರ್ ಹೀಟರಿನ ಗುಂಡಿಯಲ್ಲಿ ರಜೆಯ ಗುರುತು ಇದ್ದರೆ ಅದಕ್ಕೆ ತಿರುಗಿಸಿ, ವಿದ್ಯುತ್ತಿನದಾದರೆ ಬ್ರೇಕರ್ ಆರಿಸಿ. ಫ್ರಿಜ್ಜಿನ ಐಸ್ ಮಾಡುವ ಯಂತ್ರವನ್ನೂ ಆರಿಸಬೇಕು. ಎರಡು ಬಗೆಯ ಮನೆಗಳಿಗೆ ಮಾತ್ರ ಈ ವಿಧಾನ ನೇರವಾಗಿ ಅನ್ವಯಿಸುವುದಿಲ್ಲ. ಬಿಸಿನೀರಿನ ರೇಡಿಯೇಟರುಗಳಿರುವ ಮನೆಯಲ್ಲಿ ಬಾಯ್ಲರಿಗೆ ತಾನಾಗಿ ನೀರು ತುಂಬುವ ಏರ್ಪಾಡು ಇರುತ್ತದೆ, ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಇರುವ ಮನೆಯಲ್ಲಿ ಆ ಪೈಪಿಗೆ ನೀರು ಸದಾ ಇರಲೇಬೇಕು. ಇಂತಹ ಮನೆಯವರು ಯಾವ ವಾಲ್ವನ್ನು ಮುಚ್ಚಬಹುದೆಂದು ತಂತ್ರಜ್ಞರನ್ನು ಕೇಳಿಯೇ ಮುಂದುವರಿಯಲಿ. ಹೀಟಿಂಗ್ ಪೂರ್ತಿ ಆರಿಸಿ ತಿಂಗಳುಗಟ್ಟಲೆ ಹೋಗುವವರು ಹೀಟರಿನ ಟ್ಯಾಂಕನ್ನೂ ಖಾಲಿ ಮಾಡಿಸಿ, ಸಿಂಕು ಮತ್ತು ಕಮೋಡುಗಳ ಬಾಗಿದ ಪೈಪುಗಳಿಗೆ ಗುಲಾಬಿ ಬಣ್ಣದ, ಪ್ರೊಪಿಲೀನ್ ಗ್ಲೈಕಾಲಿನ ಆಂಟಿಫ್ರೀಜ್ ಹಾಕಿಸಬೇಕು. ಕಾರಿಗೆ ಹಾಕುವ ಆಂಟಿಫ್ರೀಜ್ ವಿಷ, ಅದು ಕೂಡದು.

ಉತ್ತಮ ದಕ್ಷತೆಯ ಫರ್ನೇಸುಗಳಿಂದ ನೀರು ಹೊರಹೋಗಲು ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆ ಇರುತ್ತದೆ. ಅದು ಮನೆಯ ಹೊರಗೆ ತೆರೆದುಕೊಂಡಿದ್ದು ತುದಿ ಹೆಪ್ಪುಗಟ್ಟಿದರೆ ಫರ್ನೇಸೇ ನಿಂತುಹೋಗುತ್ತದೆ. ಹೊರಡುವ ಮುನ್ನ ಫರ್ನೇಸಿನ ಫಿಲ್ಟರ್ ಬದಲಿಸುವಾಗ ಈ ಕೊಳವೆಯನ್ನೂ ನೋಡಿಬಿಡಿ.

ಫೋನಿಗೆ ತಾಪಮಾನ ತೋರಿಸುವ ಥರ್ಮೋಸ್ಟಾಟ್, ನೆಲ ಒದ್ದೆಯಾದರೆ ಸಂದೇಶ ಕಳುಹಿಸುವ ಸೆನ್ಸರ್‌ಗಳು ಉಪಯುಕ್ತವೇ ಹೌದು. ಆದರೆ ಅವು ಅಗತ್ಯವಾಗುವ ಹೊತ್ತಿಗೇ ವಿದ್ಯುತ್ತೂ ವೈಫೈಯೂ ಹೋಗಿರುವ ಸಂಭವವಿದೆ. ಮೈಸೂರಿನಲ್ಲಿ ಕೂತು ಸಂದೇಶ ನೋಡಿದವರಿಗೂ ಇಲ್ಲಿ ಬಾಗಿಲು ತೆರೆಯುವ ಒಬ್ಬರು ಬೇಕು. ಹತ್ತಿರದ ಸ್ನೇಹಿತರಿಗೆ ಕೀಲಿ ಕೊಟ್ಟು, ಒಮ್ಮೆ ಮನೆಗೆ ಕರೆದು, ಕೆಂಪು ಚೀಟಿಯ ವಾಲ್ವನ್ನು ಕೈಯಾರೆ ತಿರುಗಿಸಿ ನೋಡುವಂತೆ ಹೇಳಿ. ವಾರಕ್ಕೆರಡು ಸಲ ಅವರು ಬಂದು ಬೇಸ್‌ಮೆಂಟಿಗೂ ಇಳಿದು ನೋಡಲಿ.

ಮರಳಿ ಬಂದ ಮೇಲೆ

ಇಪ್ಪತ್ತು ಮೂವತ್ತು ಗಂಟೆಯ ಪ್ರಯಾಣ ಮುಗಿಸಿ ಬಂದವರಿಗೆ ಮೊದಲು ಬೇಕಾಗುವುದು ಬಿಸಿನೀರಿನ ಸ್ನಾನ. ಅಂಥ ಹೊತ್ತಿನಲ್ಲೂ ವಾಲ್ವನ್ನು ಒಮ್ಮೆಲೇ ಪೂರ್ತಿ ತೆರೆಯಬಾರದು. ಮೊದಲು ಮನೆಯನ್ನು ಮಾಮೂಲಿ ತಾಪಮಾನಕ್ಕೆ ತನ್ನಿ. ಎಲ್ಲ ಕೋಣೆಗಳ ಮಾಡು, ಗೋಡೆಗಳಲ್ಲಿ ಕಲೆಯಾಗಲಿ ಉಬ್ಬಾಗಲಿ ಇದೆಯೇ ಎಂದು ನೋಡಿ. ಮೇಲಿನ ಮಹಡಿಯ ನಲ್ಲಿಯೊಂದನ್ನು ತೆರೆದು, ಒಬ್ಬರು ವಾಲ್ವನ್ನು ಸ್ವಲ್ಪವೇ ತಿರುಗಿಸಿದರೆ ಇನ್ನೊಬ್ಬರು ಮನೆಯಲ್ಲೆಲ್ಲ ನಡೆದಾಡಿ ನೀರಿನ ಸದ್ದಿಗೆ ಕಿವಿಗೊಡಲಿ. ನಲ್ಲಿಯಲ್ಲಿ ಗಾಳಿ ಬುಸುಗುಟ್ಟುವುದು ನಿಂತು ನೀರು ಒಂದೇ ಸಮನೆ ಬಂದ ಮೇಲೆ ವಾಲ್ವನ್ನು ಪೂರ್ತಿ ತೆರೆಯಬಹುದು. ಆಮೇಲೆ ಎಲ್ಲ ನಲ್ಲಿಗಳನ್ನೂ ಮುಚ್ಚಿ ಮೀಟರಿನ ಮುಳ್ಳನ್ನು ಹದಿನೈದು ನಿಮಿಷ ಗಮನಿಸಿ, ಅದು ಚೂರೂ ಅಲುಗದಿದ್ದರೆ ಎಲ್ಲಿಯೂ ಸೋರಿಕೆಯಿಲ್ಲ. ವಾಟರ್ ಹೀಟರಿನ ಟ್ಯಾಂಕನ್ನು ಖಾಲಿ ಮಾಡಿದ್ದರೆ ಅದು ಪೂರ್ತಿ ತುಂಬಿ ಬಿಸಿನೀರಿನ ನಲ್ಲಿಯಲ್ಲಿ ನೀರು ಕಾಣಿಸುವವರೆಗೂ ವಿದ್ಯುತ್ ಹಾಕಬೇಡಿ. ಖಾಲಿ ಟ್ಯಾಂಕಿನಲ್ಲಿ ಕಾಯಿಸುವ ಕಡ್ಡಿ ಕ್ಷಣಮಾತ್ರದಲ್ಲಿ ಸುಟ್ಟುಹೋಗುತ್ತದೆ, ಸ್ನಾನಕ್ಕೆ ಪ್ಲಂಬರ್ ಬರುವ ತನಕ ಕಾಯಬೇಕಾಗುತ್ತದೆ.